ಎರವಲು ಹೋದ ಏಣಿ

ಯಡಿಯೂರಿಗೆ ಪಡುವಣ ಕಡಲೂ ದೂರ, ಮೂಡಣ ಕಡಲೂ ದೂರ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಊರಿಗೆ ತಾಗಿಕೊಂಡೇ ಸಾಗುವುದೇನೋ ನಿಜ. ಆದರೆ ಆ ದಾರಿ ಹಿಡಿದು ಸಮುದ್ರದ ಮುಖ ಕಾಣಬೇಕೆನ್ನುವವನು ಹಾಸನವನ್ನು ದಾಟಿ, ಘಟ್ಟವನ್ನಿಳಿದು, ಅರ್ಧ ದಿನವನ್ನು ಕಳೆಯಬೇಕು. ಇದು ತೆಂಗಿನ ಸೀಮೆ, ರಾಗಿ ಹುರುಳಿಗಳ ಸೀಮೆ. ಇಲ್ಲಿನ ಮುದುಕರಲ್ಲಿ ಅಲೆಯನ್ನು ಕಣ್ಣಾರೆ ಕಾಣದವರು ಎಷ್ಟೋ ಮಂದಿ. ಹಾಗಿದ್ದರೂ ‘ಸೈಕ್ಲೋನ್’ ಎಂಬ ಮಾತು ಅವರ ನಾಲಗೆಯಲ್ಲಿ ಎಂದೋ ಬೇರೂರಿಬಿಟ್ಟಿದೆ. ರಾಗಿಯನ್ನು ಕೊಯ್ದು ಹೊಲದಲ್ಲಿ ಹರಡಿದ ಮರುದಿನವೇ ಮೋಡ ಕವಿದು, ಮೂರು ದಿನ ಬಿಡದೆ ಸೋನೆ ಹಿಡಿದರೆ ಅದು ಸೈಕ್ಲೋನ್. ತೆನೆಯಲ್ಲಿಯೇ ಕಾಳು ಮೊಳೆತು, ಹುಲ್ಲು ಕಪ್ಪಿಟ್ಟು, ವರ್ಷದ ಹಿಟ್ಟಿಗೂ ದನಗಳ ಮೇವಿಗೂ ಒಟ್ಟಿಗೆ ಸಂಚಕಾರ ಬಂದರೆ ಅದು ಸೈಕ್ಲೋನ್. 2024ರ ನವೆಂಬರ್ 30ರಂದು ಫೆಂಗಲ್ ಎಂಬ ಚಂಡಮಾರುತವು ಪುದುಚೇರಿಯ ಬಳಿ ದಡವೇರಿದಾಗ ಇತ್ತ ಮೈಸೂರು ಸೀಮೆಯಲ್ಲೆಲ್ಲ ಆದುದು ಇದೇ. ಅಲ್ಲಿ ಮನೆ ಮುಳುಗಿದರೆ ಇಲ್ಲಿ ರಾಗಿ ನೆನೆಯಿತು. ಒಂದೇ ಬಿರುಗಾಳಿಯ ಸೆರಗು ಎಷ್ಟು ದೂರದವರೆಗೆ ಎಳೆದಾಡುತ್ತದೆಂಬುದು ಕಣದಲ್ಲಿ ನಿಂತವನಿಗೆ ತಿಳಿದಷ್ಟು ಭೂಪಟ ನೋಡುವವನಿಗೆ ತಿಳಿಯಲಾರದು.

ಬಿರುಗಾಳಿ ದೂರದಿಂದ ಇಲ್ಲಿಗೆ ಬರುವುದಾದರೆ, ಇಲ್ಲಿಂದ ಬಿರುಗಾಳಿಯ ನಾಡಿಗೆ ಹೋಗತಕ್ಕವರು ಯಾರು? ಅಕ್ಕಿಮೂಟೆ, ಹಳೆಯ ಬಟ್ಟೆ, ಪರಿಹಾರ ನಿಧಿಯ ಹಣ ಇವೆಲ್ಲ ಸರಿಯೇ. ಆದರೆ ಮನುಷ್ಯರನ್ನೇ, ಅದರಲ್ಲಿಯೂ ಊರಿನ ಬೆಂಕಿ ಆರಿಸುವ ಆಳುಗಳನ್ನೇ ಕಳುಹಿಸಿಕೊಡುವ ಮಾತು ಬಂದಾಗ ಜನ ಹುಬ್ಬು ಗಂಟಿಕ್ಕುತ್ತಾರೆ. ಬಿರುಗಾಳಿಯ ಊರಿನಲ್ಲಿ ಬೇಕೆಂದರೂ ಒಣಗಿದ ಕಡ್ಡಿ ಸಿಗದು. ಅಲ್ಲಿ ಬೆಂಕಿಯವನಿಗೆ ಏನು ಕೆಲಸ?

ಈ ಪ್ರಶ್ನೆಗೆ ಕಾರಣ ಹೆಸರಿನ ದೋಷ. ಅಗ್ನಿಶಾಮಕನೆಂಬ ಹೆಸರು ಅವನ ಕೆಲಸದ ಅರ್ಧವನ್ನು ಮಾತ್ರ ಹೇಳುತ್ತದೆ. ಯಡಿಯೂರಿನ ಸುತ್ತಣ ಹಳ್ಳಿಗಳಿಗೆ ಹತ್ತಿರದ ಠಾಣೆ ಕುಣಿಗಲ್ಲಿನದು, ಸುಮಾರು 20 ಕಿಲೋಮೀಟರು. ಮಾಘ ಫಾಲ್ಗುಣಗಳಲ್ಲಿ ಹುಲ್ಲಿನ ಬಣವೆಗೆ ಕಿಡಿ ತಾಗಿದಾಗಲೂ ತೋಟದ ಒಣಗರಿಗಳು ಹತ್ತಿಕೊಂಡಾಗಲೂ ಅವರನ್ನು ಕರೆಯುವುದುಂಟು. ಆದರೆ ಬಾವಿಗೆ ಹಸು ಬಿದ್ದಿತೆಂದು, ಕೆರೆಯಲ್ಲಿ ಹುಡುಗ ಮುಳುಗಿದನೆಂದು, ಹೆದ್ದಾರಿಯಲ್ಲಿ ಲಾರಿಗೆ ಲಾರಿ ಡಿಕ್ಕಿ ಹೊಡೆದು ಚಾಲಕನು ಒಳಗೆ ಸಿಕ್ಕಿಕೊಂಡನೆಂದು, ರಸ್ತೆಗೆ ಅಡ್ಡಲಾಗಿ ಮರ ಉರುಳಿತೆಂದು ಕರೆ ಬಂದಾಗಲೂ ಓಡುವವರು ಅವರೇ. ಹಗ್ಗದ ಗಂಟು, ಏಣಿ, ಗರಗಸ, ನೀರೆತ್ತುವ ಪಂಪು, ಕತ್ತಲಲ್ಲಿ ಹೆಜ್ಜೆಯಿಡುವ ಅಭ್ಯಾಸ, ಎಲ್ಲಕ್ಕಿಂತ ಮಿಗಿಲಾಗಿ ಗಾಬರಿಗೊಂಡವರ ನಡುವೆ ಗಾಬರಿಗೊಳ್ಳದ ಅಭ್ಯಾಸ, ಇವು ಅವರ ಬಂಡವಾಳ. ಬಿರುಗಾಳಿ ಹಾದುಹೋದ ಊರಿಗೆ ಬೇಕಾದುದು ಇದಲ್ಲದೆ ಮತ್ತೇನು?

ಚಂಡಮಾರುತದ ವೃತ್ತಾಂತವನ್ನು ಓದುವವರು ಗಾಳಿಯ ವೇಗವನ್ನು ನೋಡುತ್ತಾರೆ, ಸತ್ತವರ ಸಂಖ್ಯೆಯನ್ನು ನೋಡುತ್ತಾರೆ. ಗಾಳಿ ನಿಂತ ಮರುದಿನ ಬೆಳಗಿನ ಚಿತ್ರ ಅವರ ಕಣ್ಣಿಗೆ ಬೀಳುವುದು ಕಡಿಮೆ. ಆ ಬೆಳಗಿನ ದೊಡ್ಡ ಶತ್ರು ಗಾಳಿಯಲ್ಲ, ಮಳೆಯಲ್ಲ, ಬಿದ್ದ ಮರ. ರಸ್ತೆಗೆ ಮರ ಬಿದ್ದರೆ ಅಕ್ಕಿಯ ಲಾರಿ ನಿಲ್ಲುತ್ತದೆ, ಆಂಬುಲೆನ್ಸು ನಿಲ್ಲುತ್ತದೆ, ವಿದ್ಯುತ್ ಕಂಬ ನೆಡುವವನು ಅಲ್ಲಿಯೇ ನಿಲ್ಲುತ್ತಾನೆ; ಸಮಸ್ತ ಸರ್ಕಾರವೇ ಮರದ ಈಚೆ ಬದಿಯಲ್ಲಿ ಕೈಕಟ್ಟಿ ನಿಲ್ಲುತ್ತದೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಸುತ್ತ ಎರಗಿದ ಮಹಾಚಂಡಮಾರುತದಲ್ಲಿ ಕಂಡುದು ಇದನ್ನೇ. ಗಂಟೆಗೆ 250 ಕಿಲೋಮೀಟರಿಗೂ ಮಿಕ್ಕ ಗಾಳಿ. ಅದರ ಹಿಂದೆಯೇ ಎರಸಮಾದಂಥ ಕಡೆಗಳಲ್ಲಿ ಊರೂರನ್ನೇ ನುಂಗಿದ ಕಡಲು. ಸತ್ತವರು ಸುಮಾರು 10,000. ಬದುಕುಳಿದವರ ಬಳಿಗೆ ಹೋಗಲು ದಾರಿಯೇ ಇರಲಿಲ್ಲ. ರಾಜಧಾನಿ ಭುವನೇಶ್ವರವೇ ಹೊರಜಗತ್ತಿನಿಂದ ಕಡಿದುಹೋಗಿತ್ತು. ಮರ ಕಡಿಯಬಲ್ಲ ನೂರು ಮಂದಿ ಅಂದು ಸಾವಿರ ಮೂಟೆ ಅಕ್ಕಿಗಿಂತ ಬೆಲೆಯುಳ್ಳವರಾಗಿದ್ದರು.

ಒಡಿಶಾ ಆ ಪಾಠವನ್ನು ಮರೆಯಲಿಲ್ಲ. 2001ರಲ್ಲಿ ವಿಪತ್ತಿಗೆಂದೇ ತನ್ನದೊಂದು ಕ್ಷಿಪ್ರ ಕಾರ್ಯಪಡೆಯನ್ನು ಕಟ್ಟಿತು. ಅಗ್ನಿಶಾಮಕ ದಳಕ್ಕೆ ದೋಣಿ ಗರಗಸಗಳನ್ನು ಕೊಟ್ಟು ಪಳಗಿಸಿತು. 2019ರ ಮೇ 3ರಂದು ಫಾನಿ ಪುರಿಯ ಬಳಿ ದಡವೇರುವ ವೇಳೆಗೆ 12 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಆದರೆ ಇಲ್ಲಿ ಹೇಳಬೇಕಾದ ಕಥೆ ಅದಲ್ಲ. 2018ರ ಆಗಸ್ಟಿನಲ್ಲಿ ಕೇರಳವು ನೆರೆಯಲ್ಲಿ ಮುಳುಗಿ, ಇತ್ತ ಕೊಡಗಿನ ಗುಡ್ಡಗಳು ಕುಸಿಯುತ್ತಿದ್ದಾಗ, ಒಡಿಶಾ ತನ್ನ 200ಕ್ಕೂ ಮಿಕ್ಕ ಅಗ್ನಿಶಾಮಕರನ್ನು ಯಂತ್ರದೋಣಿಗಳ ಸಹಿತ ಕೇರಳಕ್ಕೆ ಕಳುಹಿಸಿತು. ಎರಡು ವರ್ಷಗಳ ತರುವಾಯ, 2020ರ ಮೇ 20ರಂದು, ಅಂಫಾನ್ ಬಂಗಾಳದ ಮೇಲೆ ಎರಗಿತು. ಕಲ್ಕತ್ತೆಯೊಂದರಲ್ಲೇ ಸಾವಿರಗಟ್ಟಲೆ ಮರಗಳು ಧರೆಗುರುಳಿ, ದಿನಗಟ್ಟಲೆ ವಿದ್ಯುತ್ತಿಲ್ಲದೆ ನಗರ ತತ್ತರಿಸಿತು. ಕೊರೋನಾ ಭಯದಿಂದ ದೇಶವೇ ಬಾಗಿಲು ಹಾಕಿಕೊಂಡಿದ್ದ ಕಾಲ; ಒಡಿಶಾದ ಉತ್ತರ ತೀರಕ್ಕೂ ಅದೇ ಗಾಳಿಯ ಪೆಟ್ಟು ಬಿದ್ದಿತ್ತು. ಹೀಗಿದ್ದೂ ಅಲ್ಲಿನ ಅಗ್ನಿಶಾಮಕ ತಂಡಗಳು ಮರ ಕಡಿಯುವ ಯಂತ್ರಗಳನ್ನು ಹೇರಿಕೊಂಡು ಗಡಿ ದಾಟಿ ಬಂಗಾಳವನ್ನು ಸೇರಿದುವು. ಇಪ್ಪತ್ತು ವರ್ಷಗಳ ಹಿಂದೆ ದಾರಿಗಾಗಿ ಕಾದು ಕುಳಿತಿದ್ದ ನಾಡು ನೆರೆಯವರ ದಾರಿಯನ್ನು ಬಿಡಿಸಲು ಹೋಗಿತ್ತು.

ಇಂಥ ವಾರ್ತೆಯನ್ನು ಓದಿ ಮೆಚ್ಚುವುದು ಸುಲಭ. ಕಳುಹಿಸುವ ಊರಿನ ಕಡೆಯಿಂದ ನೋಡಿದರೆ ವಿಷಯ ಅಷ್ಟು ಸಲೀಸಲ್ಲ. ಹಳ್ಳಿಯಲ್ಲಿ ಏಣಿ ಕೇಳಲು ಬಂದವನಿಗೆ ಮನೆಯೊಡೆಯನು ಇಲ್ಲವೆನ್ನುವುದಿಲ್ಲ. ಆದರೆ “ಸಂಜೆಯೊಳಗೆ ತಂದಿಡಪ್ಪ” ಎನ್ನುವುದನ್ನು ಮಾತ್ರ ಮರೆಯುವುದಿಲ್ಲ. ಅದು ಜಿಪುಣತನವಲ್ಲ. ತನ್ನ ಅಟ್ಟಕ್ಕೂ ಅದೇ ಏಣಿ. ತಾಲ್ಲೂಕಿಗೊಂದು ಠಾಣೆ, ಠಾಣೆಗೆ ಬೆರಳೆಣಿಕೆಯ ವಾಹನಗಳು, ಪಾಳಿಯ ಮೇಲೆ ದುಡಿಯುವ ಕೆಲವೇ ಮಂದಿ. ಅವರಲ್ಲಿ ನಾಲ್ವರು ಹೊರಟರೆಂದರೆ ಉಳಿದವರ ಪಾಳಿ ಹಿಗ್ಗುತ್ತದೆ. ಆ ನಾಲ್ವರು ಇಲ್ಲದಾಗಲೇ ಯಾವುದೋ ಹಳ್ಳಿಯಲ್ಲಿ ಬಣವೆ ಹತ್ತಿಕೊಂಡರೆ? ಬಣವೆಯೆಂದರೆ ಪೇಟೆಯವರಿಗೆ ಹುಲ್ಲಿನ ರಾಶಿ. ರೈತನಿಗೆ ಅದು ಮುಂದಿನ ಮಳೆಗಾಲದವರೆಗೆ ಎತ್ತಿನ ಪ್ರಾಣ.

ಬಣವೆಯ ಮಾತು ಹಾಗಿರಲಿ. ಯಡಿಯೂರಿಗೆ ಸಮೀಪದಲ್ಲಿಯೇ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವುಂಟು. ಮಹಾರಾಜರ ಕಾಲದ ಈ ಕಟ್ಟೆಯ ವೈಶಿಷ್ಟ್ಯ ಅದರ ಸೈಫನ್. ನೀರು ಗೊತ್ತಾದ ಮಟ್ಟವನ್ನು ಮುಟ್ಟಿದೊಡನೆ ಯಾರೂ ಬಾಗಿಲೆತ್ತದೆಯೇ ತನ್ನಷ್ಟಕ್ಕೆ ತಾನೇ ಭೋರ್ಗರೆದು ಹೊರಬೀಳುತ್ತದೆ. ನೋಡಲು ಬಂದವರಿಗೆ ಅದೊಂದು ಸೊಗಸು. 2025ರ ಅಕ್ಟೋಬರಿನಲ್ಲಿ ವಿಹಾರಕ್ಕೆಂದು ಬಂದು ನೀರಿಗಿಳಿದಿದ್ದ ಒಂದು ಕುಟುಂಬದವರ ಮೇಲೆ ಈ ಸೈಫನ್ನಿನ ನೀರು ಒಮ್ಮೆಲೇ ನುಗ್ಗಿತು. ಹೆಂಗಸರೂ ಮಕ್ಕಳೂ ಕೊಚ್ಚಿಹೋದರು. ಅವರನ್ನು ಹುಡುಕುತ್ತ ಪೊಲೀಸರೊಡನೆ ಅಗ್ನಿಶಾಮಕರು ನೀರಿಗಿಳಿದರು. ಮೂಡಣ ಕಡಲಿನಲ್ಲಿ ಚಂಡಮಾರುತಗಳು ಏಳುವ ತಿಂಗಳೂ ಅಕ್ಟೋಬರೇ. ಅಂದು ಆ ಜನ ಬೇರೊಂದು ನಾಡಿನಲ್ಲಿ ಮರ ಕಡಿಯುತ್ತಿದ್ದರೆ ದಡದಲ್ಲಿ ಅಳುತ್ತ ನಿಂತಿದ್ದವರಿಗೆ ಯಾರು ಏನೆಂದು ಹೇಳಬಹುದಿತ್ತು? ದೂರದವನ ಕಷ್ಟ ದೊಡ್ಡದೆಂಬ ಮಾತು ಅಲ್ಲಿ ಹೊರಡುತ್ತಿರಲಿಲ್ಲ.

ಆದುದರಿಂದ ಕಳುಹಿಸಬೇಕೆ ಬೇಡವೆ ಎಂಬುದಕ್ಕಿಂತ, ಯಾವ ಲೆಕ್ಕದಲ್ಲಿ ಕಳುಹಿಸಬೇಕೆಂಬುದೇ ಹೆಚ್ಚು ಯೋಚಿಸತಕ್ಕ ವಿಷಯ. ಈ ಲೆಕ್ಕವನ್ನು ಕಾಗದದ ಮೇಲೆ ಇಳಿಸಿದವರೆಂದರೆ ಅಮೆರಿಕದವರು. 1992ರಲ್ಲಿ ಆಂಡ್ರೂ ಎಂಬ ಹರಿಕೇನು ಫ್ಲಾರಿಡಾವನ್ನು ಧ್ವಂಸಮಾಡಿದ ಮೇಲೆ ಅಲ್ಲಿನ ದಕ್ಷಿಣ ರಾಜ್ಯಗಳು ಒಂದು ಕರಾರಿಗೆ ಬಂದುವು; 1996ರಲ್ಲಿ ಕಾಂಗ್ರೆಸ್ ಅದಕ್ಕೆ ಒಪ್ಪಿಗೆಯನ್ನಿತ್ತು ದೇಶಕ್ಕೆಲ್ಲ ಅನ್ವಯವಾಗುವಂತೆ ಮಾಡಿತು. ಕೇಳಿದ ರಾಜ್ಯವು ಖರ್ಚನ್ನು ಹೊರಬೇಕು. ಕಳುಹಿಸಿದ ರಾಜ್ಯವು ತನ್ನ ಆಳಿಗೆ ಪೆಟ್ಟಾದರೆ ತನ್ನಲ್ಲಿಯೇ ಇದ್ದಾಗ ಕೊಡುವ ಪರಿಹಾರವನ್ನೇ ಕೊಡಬೇಕು. ಒಂದು ರಾಜ್ಯದ ಅರ್ಹತಾಪತ್ರ ಇನ್ನೊಂದರಲ್ಲಿಯೂ ನಡೆಯಬೇಕು. ಸಂಬಂಧಿಕರ ನಡುವೆಯೂ ಚೀಟಿ ಬರೆದುಕೊಳ್ಳುವ ಜಾಣ್ಮೆ ಇದು. ಭಾರತದಲ್ಲಿ ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ಪುರಸಭೆಗಳ ಪಟ್ಟಿಯಲ್ಲಿಟ್ಟಿದೆ. ಮುಂಬಯಿಯಲ್ಲಿ ಅದು ನಗರಪಾಲಿಕೆಯದು. ಕನ್ನಡ ನಾಡಿನಲ್ಲಿ 1964ರ ಕಾಯಿದೆಯ ತರುವಾಯ ರಾಜ್ಯದ ಇಲಾಖೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಪಡೆಯಾದರೋ ಕೇಂದ್ರದ ಪೊಲೀಸ್ ದಳಗಳಿಂದ ಆಯ್ದುಕೊಂಡದ್ದು. ರಾಜ್ಯ ರಾಜ್ಯಗಳ ನಡುವೆ ಬೆಂಕಿಯವರ ಎರವಲು ಬಹುಮಟ್ಟಿಗೆ ದೊಡ್ಡವರ ದೂರವಾಣಿಯ ಮೇಲೂ ಸೌಜನ್ಯದ ಮೇಲೂ ನಿಂತಿದೆ. ಸೌಜನ್ಯ ಒಳ್ಳೆಯದೇ, ಕಾಲು ಮುರಿದುಕೊಂಡವನ ಮನೆಗೆ ಅದರಿಂದ ತಿಂಗಳ ರೇಷನ್ ಬರಲಾರದು.

ಕರಾರಿನ ಮಾತಾಡಿದೊಡನೆ ಅಮೆರಿಕದವರದು ಬರೀ ವ್ಯಾಪಾರವೆಂದು ವಾಚಕರು ತಿಳಿಯಬಾರದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಆ ನಗರ ತನ್ನ 343 ಅಗ್ನಿಶಾಮಕರನ್ನು ಕಳೆದುಕೊಂಡಿತು. ದೂರದ ಲೂಸಿಯಾನ ರಾಜ್ಯದ ಜನ ಚಂದಾ ಎತ್ತಿ ಒಂದು ಫೈರ್ ಇಂಜಿನನ್ನು ಮಾಡಿಸಿ ನ್ಯೂಯಾರ್ಕಿಗೆ ಕೊಟ್ಟರು. 2005ರ ಆಗಸ್ಟ್ 29ರಂದು ಕತ್ರೀನಾ ಹರಿಕೇನು ಅದೇ ಲೂಸಿಯಾನದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ನ್ಯೂಯಾರ್ಕಿನ ನೂರಾರು ಅಗ್ನಿಶಾಮಕರು ದಕ್ಷಿಣಕ್ಕೆ ಹೊರಟರು; ಕೊಡುಗೆಯಾಗಿ ಬಂದಿದ್ದ ಆ ಇಂಜಿನೂ ಅವರೊಡನೆ ತವರಿಗೆ ಹಿಂದಿರುಗಿತು. ಕರಾರು ಪತ್ರದ ಯಾವ ಕಲಮಿನಲ್ಲಿಯೂ ಇದು ಬರೆದಿರಲಿಲ್ಲ.

ಕನ್ನಡ ನಾಡಿನಿಂದಲೂ ಹೀಗೆ ಹೊರಟ ಕೈಗಳಿಲ್ಲದಿಲ್ಲ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜರಿದಾಗ ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಪಡೆಯವರು ಚೂರಲ್‌ಮಲೆಯಲ್ಲಿ 190 ಅಡಿಯ ಉಕ್ಕಿನ ಬೈಲಿ ಸೇತುವೆಯನ್ನು ಆಗಸ್ಟ್ 1ರ ಹೊತ್ತಿಗೆ ಕಟ್ಟಿ ಮುಗಿಸಿದರು. ಅದು ಬಿರುಗಾಳಿಯಲ್ಲ, ಅವರು ಅಗ್ನಿಶಾಮಕರೂ ಅಲ್ಲ. ಆದರೂ ಸಾಮ್ಯ ಸ್ಪಷ್ಟ. ಮೊದಲು ದಾರಿ, ಆಮೇಲೆ ಉಳಿದುದೆಲ್ಲ.

ಒಳನಾಡಿನ ಠಾಣೆಗಳಿಗೆ ಒಂದು ಅನುಕೂಲವುಂಟೆಂಬುದನ್ನು ಯೋಜನೆ ಹಾಕುವವರು ಗಮನಿಸಬೇಕು. ಕುಣಿಗಲು, ಗುಬ್ಬಿಗಳ ಕಡೆ ಬೆಂಕಿಯ ಹಾವಳಿ ಶಿವರಾತ್ರಿಯಿಂದ ಮುಂಗಾರಿನವರೆಗೆ. ಚೈತ್ರದಲ್ಲಿ ಯಡಿಯೂರಿನ ತೇರಿಗೆ ಜನ ಸಾಗರೋಪಾದಿಯಲ್ಲಿ ಸೇರುವಾಗಲಂತೂ ಒಬ್ಬನನ್ನೂ ಕಳುಹಿಸುವಂತಿಲ್ಲ. ಆದರೆ ಮೂಡಣ ಕಡಲಿನ ಚಂಡಮಾರುತಗಳಲ್ಲಿ ಬಲವಾದವು ಬಹುಪಾಲು ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಏಳುತ್ತವೆ. ಆಗ ಇಲ್ಲಿ ಹೊಲ ಹಸಿರು, ಬೇಲಿ ಹಸಿ, ಬೆಂಕಿಗೆ ಮೈಗಳ್ಳತನ. ಆಗ ನಾಲ್ವರನ್ನು ಕೊಡಬಹುದು, ಪಕ್ಕದ ಠಾಣೆಯವರು ಕೆರೆಕಟ್ಟೆಗಳ ಕಡೆಗೆ ಒಂದು ಕಣ್ಣಿಟ್ಟಿರುವುದಾಗಿ ಮೊದಲೇ ಗೊತ್ತುಮಾಡಿಕೊಂಡಿದ್ದರೆ. ಮೇ ತಿಂಗಳಿನಲ್ಲಿ ಕೇಳಿದರೆ ಇಬ್ಬರನ್ನು ಕೊಡುವುದಕ್ಕೂ ಹಿಂದೆಮುಂದೆ ನೋಡಬೇಕಾದೀತು. ಅದನ್ನು ನಾಚಿಕೆಯಿಲ್ಲದೆ ಹೇಳಬೇಕು.

ಇನ್ನೊಂದು ಮಾತು. ನೆರವಿಗೆ ಹೋದವರು ತಮ್ಮ ಅಕ್ಕಿಬೇಳೆ, ತಮ್ಮ ಡೇರೆ, ತಮ್ಮ ಸೀಮೆಣ್ಣೆ ದೀಪ, ಗರಗಸಕ್ಕೆ ತಮ್ಮ ಪೆಟ್ರೋಲು, ಇಷ್ಟನ್ನೂ ತಾವೇ ಒಯ್ಯಬೇಕು. ಮುಳುಗಿದ ಊರಿನಲ್ಲಿ ಇವರಿಗೆ ಹಾಸಿಗೆ ಹುಡುಕಲು ಇಬ್ಬರು ಗುಮಾಸ್ತರು ಓಡಾಡುವಂತಾದರೆ, ಸೌದೆ ಒಡೆಯಲು ಬಂದ ನೆಂಟ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಿಸಿಕೊಂಡ ಹಾಗಾಯಿತು. ಹೊರಡುವ ಮುನ್ನ ಬಾವುಟ ಬೀಸಿ, ಹಾರ ಹಾಕಿ, ಫೋಟೋ ತೆಗೆಸುವ ಸಂಭ್ರಮದಲ್ಲಿ ಗರಗಸದ ಬದಲಿ ಸರಪಳಿಯನ್ನು ಮರೆತು ಹೋದರೆಂದರೆ ಆ ಹಾರದಿಂದ ಮರ ಕಡಿಯಲಾಗುವುದಿಲ್ಲ.

ಮನೆಯವರ ವಿಚಾರ ವಾರ್ತೆಗಳಲ್ಲಿ ಬರುವುದೇ ಇಲ್ಲ. ಠಾಣೆಯ ಆಳುಗಳಲ್ಲಿ ಅನೇಕರು ಒಕ್ಕಲು ಮನೆತನದವರು; ಊರಿನಲ್ಲಿ ಒಂದಿಷ್ಟು ಹೊಲ, ವಯಸ್ಸಾದ ತಾಯಿ ಇರುವವರು. ಕರೆ ಬರುವುದು ಸರಿಯಾಗಿ ರಾಗಿ ಕೊಯ್ಲಿನ ವೇಳೆಗೆ. “ನೀರಿಗೆ ಇಳೀಬೇಡ ಕಣಪ್ಪ” ಎಂದು ತಾಯಿ ಹೇಳುತ್ತಾಳೆ, ನೀರಿಗಿಳಿಯಲೆಂದೇ ಅವನು ಹೋಗುತ್ತಿರುವನೆಂದು ತಿಳಿದೂ. ಹೆಂಡತಿ ಏನನ್ನೂ ಹೇಳದೆ ಚೀಲಕ್ಕೆ ಚಟ್ನಿಪುಡಿಯ ಡಬ್ಬಿಯನ್ನು ಸೇರಿಸುತ್ತಾಳೆ. ಹತ್ತೋ ಹದಿನೈದೋ ದಿನ ಕಳೆದು, ಅಂಗೈಯೆಲ್ಲ ಬೊಬ್ಬೆಯಾಗಿ, ಕಾಲ್ಬೆರಳ ಸಂದಿಗಳು ಕೆಸರುಹುಣ್ಣಿನಿಂದ ಬೆಳ್ಳಗಾಗಿ ಅವನು ಹಿಂದಿರುಗುವಾಗ ಕಣದಲ್ಲಿ ಕೆಲಸ ಅರ್ಧ ಮುಗಿದಿರುತ್ತದೆ. ಉಳಿದರ್ಧ ಅವನಿಗಾಗಿ ಕಾದಿರುತ್ತದೆ. ಅವನು ಸಮವಸ್ತ್ರವನ್ನು ಒಗೆಯಲು ಹಾಕಿ, ಬಿಸಿನೀರು ಹುಯ್ದುಕೊಂಡು, ಒಂದು ನಿದ್ದೆ ತೆಗೆಯೋಣವೆನ್ನುವಷ್ಟರಲ್ಲಿ ಠಾಣೆಯಿಂದ ಕರೆ ಬರುತ್ತದೆ. ಹತ್ತಿರದ ಯಾವುದೋ ಹಳ್ಳಿಯ ಹಾಳುಬಾವಿಗೆ ಎಮ್ಮೆಯೊಂದು ಬಿದ್ದಿದೆ. ಉದ್ದನೆಯ ಹಗ್ಗ ಇನ್ನೂ ಲಾರಿಯಲ್ಲಿಯೇ ಇದೆಯೇ, ಇಳಿಸಿದ್ದಾಯಿತೇ ಎಂದು ಕೇಳುತ್ತಿದ್ದಾರೆ.