ದಣಿದ ಕಲ್ಲುಗಳ ಕಣಿವೆ

ಪೆರು ದೇಶಕ್ಕೆ ಹೋದವರು ಮಾಚು ಪಿಚ್ಚು ನೋಡಲು ಧಾವಿಸುತ್ತಾರೆ. ಅವರಲ್ಲಿ ಅನೇಕರು ರೈಲು ಹತ್ತುವುದು ಒಯಾಂತಾಯ್ತಾಂಬೊ ಎಂಬ ಪುಟ್ಟ ಊರಿನಲ್ಲಿ. ಆದರೆ ಇಲ್ಲೇ ಮೂರ್ನಾಲ್ಕು ದಿನ ತಂಗುವವರು ಕಡಿಮೆ. ತಂಗಿದವರಿಗೆ ನಷ್ಟವೇನಿಲ್ಲ.

ಉರುಬಾಂಬಾ ಕಣಿವೆಯ ಈ ಊರು ಸುಮಾರು 2,800 ಮೀಟರ್ ಎತ್ತರದಲ್ಲಿದೆ. 3,400 ಮೀಟರ್ ಎತ್ತರದ ಕುಸ್ಕೊದಲ್ಲಿ ವಿಮಾನ ಇಳಿದು ತಲೆನೋವು, ಏದುಸಿರಿನಿಂದ ಬಳಲಿದವರಿಗೆ ಇಲ್ಲಿ ಎಷ್ಟೋ ಹಾಯೆನಿಸುತ್ತದೆ. ಹಾಗಿದ್ದೂ ನೀರು ಕುದಿಯುವುದು 91 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಕಾಳು ಬೇಯಲು ಹೆಚ್ಚು ಹೊತ್ತು ಬೇಕು. ಬೆಂಗಳೂರು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕಿದೆಯೋ ಈ ಊರು ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕಿದೆ. ನಮ್ಮಲ್ಲಿ ಮುಂಗಾರು ಶುರುವಾಗುವ ಜೂನ್‌ನಲ್ಲಿ ಅಲ್ಲಿ ಮಳೆಯಿಲ್ಲದ ಚಳಿಗಾಲ.

ಊರಿನ ಬೀದಿಗಳು ಇಂಕಾ ಜನ ಹಾಕಿದವು. ಓಣಿಯ ಪಕ್ಕದ ಕಲ್ಲಿನ ಕಾಲುವೆಗಳಲ್ಲಿ ಬೆಟ್ಟದ ನೀರು ಇಂದಿಗೂ ಹರಿಯುತ್ತದೆ. ಹಳೆಯ ಗೋಡೆಗಳ ಒಳಗೆ ಸಂಸಾರಗಳು ವಾಸವಾಗಿವೆ. ಪಾಳು ಊರು, ಬಾಳುವ ಊರು ಎರಡೂ ಒಂದೇ!

ಊರಿನ ಪಕ್ಕದ ಗುಡ್ಡದ ಮೇಲೆ ಆರು ಬೃಹತ್ ನಸುಗೆಂಪು ಶಿಲೆಗಳ ಗೋಡೆಯಿದೆ. ಈ ಕಲ್ಲು ಬಂದದ್ದು ನದಿಯಾಚೆಯ ಬೆಟ್ಟದ ಗಣಿಯಿಂದ. ಕಬ್ಬಿಣದ ಉಳಿಯಿಲ್ಲ, ಗಾಲಿಯ ಬಂಡಿಯಿಲ್ಲ. ಗಟ್ಟಿ ಕಲ್ಲುಗುಂಡುಗಳಿಂದ ಕುಟ್ಟಿ ಆಕಾರ ಕೊಟ್ಟರು. ಇಳಿಜಾರಿನಲ್ಲಿ ಇಳಿಸಿ, ನದಿ ದಾಟಿಸಿ, ಮತ್ತೆ ಗುಡ್ಡಕ್ಕೆ ಎಳೆದರು. ಅಷ್ಟರಲ್ಲಿ ಕೆಲಸ ನಿಂತಿತು. ದಾರಿಯಲ್ಲಿದ್ದ ಬಂಡೆಗಳು ಅಲ್ಲಲ್ಲೇ ಉಳಿದವು. ಊರಿನವರು ಅವನ್ನು 'ದಣಿದ ಕಲ್ಲುಗಳು' ಎನ್ನುತ್ತಾರೆ.

ಮುಗಿದ ಗೋಡೆಗಿಂತ ಈ ದಣಿದ ಕಲ್ಲುಗಳೇ ಹೆಚ್ಚು ಹೇಳುತ್ತವೆ. ಗೋಡೆಯನ್ನು ಕಂಡು ಬೆರಗಾಗಬಹುದು, ಅಷ್ಟೇ. ಬಿದ್ದ ಬಂಡೆಯ ಮೈಯಲ್ಲಿ ನೆಲಕ್ಕೆ ಉಜ್ಜಿ ನುಣುಪಾದ ಭಾಗ, ಗೀರು ಕಾಣುತ್ತವೆ. ವಾಸ್ತುಶಾಸ್ತ್ರಜ್ಞ ಜ್ಯಾಂ-ಪಿಯರ್ ಪ್ರೊಟ್ಜೆನ್ ಆ ಗೀರುಗಳನ್ನು ಪರಿಶೀಲಿಸಿ, ಬಂಡೆಯನ್ನು ಎತ್ತ ಎಳೆದರೆಂದು ಗುರುತಿಸಿದರು. ಗಣಿಯವರೆಗೆ ನಡೆದು ಹಿಂದಿರುಗಲು ಹಗಲೆಲ್ಲ ಬೇಕು. ರೈಲಿನ ಗಡಿಬಿಡಿಯಲ್ಲಿ ಇದಾಗದ ಮಾತು.

1536-37ರಲ್ಲಿ ಇಂಕಾ ದೊರೆ ಮಾಂಕೊ ಇಲ್ಲಿಯ ಬಯಲಿಗೆ ನೀರು ನುಗ್ಗಿಸಿ ಸ್ಪೇನಿನ ಕುದುರೆ ಸವಾರರನ್ನು ಹಿಮ್ಮೆಟ್ಟಿಸಿದನು. ಕಾಲುವೆಯ ವಿದ್ಯೆ ಯುದ್ಧಕ್ಕೂ ಒದಗಿತು.

ಇನ್ನೊಂದು ದಿನ ಎದುರಿನ ಪಿಂಕುಯ್ಯುನಾ ಬೆಟ್ಟ ಹತ್ತಬೇಕು. ಏರು ಕಡಿದು, ಮಕ್ಕಳ ಕೈ ಬಿಡಬಾರದು. ಮೇಲಿರುವುದು ಧಾನ್ಯದ ಕಣಜಗಳು. ಕಣಿವೆಯ ತಳಕ್ಕಿಂತ ಅಲ್ಲಿ ತಂಪು ಹೆಚ್ಚು, ಗಾಳಿಯೂ ಜೋರು. ಬೆಟ್ಟದ ಮೇಲ್ಬದಿಯ ಕಿಟಕಿಯಿಂದ ಕಾಳು ಸುರಿದು, ಕೆಳಬದಿಯ ಕಿಟಕಿಯಿಂದ ತೆಗೆಯುತ್ತಿದ್ದರು. ಹೊತ್ತು ಮೇಲೇರಿಸುವ ಕಷ್ಟವೊಂದೇ. ಉಳಿದದ್ದನ್ನು ಇಳಿಜಾರು, ಗಾಳಿ ನೋಡಿಕೊಳ್ಳುತ್ತಿದ್ದವು.