ಮಂಡ್ಯದಿಂದ ಮಳವಳ್ಳಿಗೆ

ಮಂಡ್ಯದಿಂದ ಮಳವಳ್ಳಿಗೆ ನೇರವಾದ ಬಸ್ಸುಗಳು ಉಂಟು. ಆದರೂ ನಾನು ಆ ಕಡೆಗೆ ಹೋಗುವಾಗಲೆಲ್ಲ ರೈಲಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿಯುವುದು ರೂಢಿ. ಇದಕ್ಕೆಲ್ಲ ಮದ್ದೂರು ವಡೆಯೇ ಕಾರಣವೆಂದು ನನ್ನ ಗೃಹಿಣಿಯು ಹಾಸ್ಯ ಮಾಡುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವು ಮದ್ದೂರಿನ ಅಂಚೆಕಚೇರಿಗೆ ಸಲ್ಲತಕ್ಕದ್ದು. ಅದರ ಸಂಗತಿಯನ್ನು ಮುಂದೆ ಹೇಳುವೆನು.

ಈ ಸಾರಿ ಹೊರಟದ್ದು ಅಕ್ಕನ ಮನೆಗೆ. ಅವಳದು ಮಳವಳ್ಳಿಗೆ ಎರಡು ಹರದಾರಿ ದೂರದ ಒಂದು ಹಳ್ಳಿ. ಭಾವನವರು ತೀರಿಕೊಂಡು ವರ್ಷ ತುಂಬಿತ್ತು. ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಒಂದು ರಾತ್ರಿ ಫೋನು ಮಾಡಿ, “ಮಾವ, ಅಮ್ಮನ ಟೀವಿಯ ತಿಂಗಳ ಹಣ ಮುಗಿದು ಹದಿನೈದು ದಿನವಾಯಿತು. ನಾನು ಮರೆತಿದ್ದೆ. ಈಗ ಕಟ್ಟುತ್ತೇನೆಂದರೆ ಬೇಡವೇ ಬೇಡ ಅನ್ನುತ್ತಾಳೆ. ಸಂಜೆಯೆಲ್ಲ ಸುಮ್ಮನೆ ಕುಳಿತಿರುತ್ತಾಳಂತೆ. ನೀವು ಒಮ್ಮೆ ಹೋಗಿ ಬನ್ನಿ” ಎಂದನು. ನನಗೋ ಒಳಗೊಳಗೇ ಸಂತೋಷ. ದೂರದರ್ಶನವಿಲ್ಲದೆ ಬಾಳಬಹುದೆಂಬುದಕ್ಕೆ ನಾನೇ ದೃಷ್ಟಾಂತವೆಂಬ ಅಭಿಮಾನ ನನ್ನಲ್ಲಿ ಬಲಿತಿತ್ತು. ಅಕ್ಕನು ತಾನಾಗಿಯೇ ಆ ಪಂಥಕ್ಕೆ ಬರುತ್ತಿರುವಳೆಂದು ಭಾವಿಸಿ, ಅವಳಿಗೆ ಹೇಳತಕ್ಕ ಉಪದೇಶವನ್ನು ದಾರಿಯಲ್ಲೇ ಜೋಡಿಸತೊಡಗಿದೆನು.

ನಮ್ಮ ಮನೆಯಿಂದ ದೂರದರ್ಶನವು ಹೊರಟುಹೋದದ್ದು 2019ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ, ವಾಹಿನಿಗಳನ್ನು ಒಂದೊಂದಾಗಿ ಆರಿಸಿ ಬೆಲೆ ಕೊಡಬೇಕೆಂಬ ಹೊಸ ಕ್ರಮವು ಜಾರಿಗೆ ಬಂದಿತು. ನೂರು ವಾಹಿನಿಗಳ ಸಾಗಣೆಗೆಂದು 130 ರೂಪಾಯಿ, ಅದರ ಮೇಲೆ ತೆರಿಗೆ, ಅದರ ಮೇಲೆ ಬೇಕಾದ ವಾಹಿನಿಗಳ ಬಿಡಿ ಬೆಲೆ. ಪಟ್ಟಿಯನ್ನು ಹಿಡಿದು ಗಂಡಹೆಂಡಿರು ಒಂದು ಸಂಜೆಯೆಲ್ಲ ಕುಳಿತೆವು. ನಮಗೆ ನಿಜವಾಗಿ ಬೇಕಾದವು ಎರಡು ಎಂದು ತಿಳಿಯಿತು. ಎರಡಕ್ಕಾಗಿ ನೂರನ್ನು ಹೊರುವುದು ಯಾವ ನ್ಯಾಯವೆಂದು ನಾನು ರೇಗಿ, ತಂತಿಯನ್ನೇ ಬಿಚ್ಚಿಸಿದೆನು. ಆಮೇಲೆ ನಮ್ಮ ಸಂಜೆಗಳು ಓದಿನಲ್ಲಿಯೂ ಆಕಾಶವಾಣಿಯಲ್ಲಿಯೂ ಕಳೆದವು. 1974ರಲ್ಲಿ ಮೊದಲಾದ ಸಂಸ್ಕೃತ ವಾರ್ತೆಯನ್ನು ಬೆಳಗಿನ ಕಾಫಿಯೊಡನೆ ಕೇಳುವ ಸುಖವನ್ನು ನನಗೆ ಯಾವ ಚಿತ್ರವೂ ಕೊಟ್ಟಿಲ್ಲ. ಆದರೆ ವಾಚಕರಲ್ಲಿ ಸುಳ್ಳು ಹೇಳಬಾರದು. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ಬಂದ್ ನಡೆದಾಗ, ವಿಶ್ವೇಶ್ವರಯ್ಯನವರ ಪ್ರತಿಮೆಯ ಬಳಿ ಏನಾಗುತ್ತಿದೆಯೆಂದು ತಿಳಿಯಲು ಕಾಲ್ನಡೆಯಲ್ಲಿ ಹೋಗಬಹುದಾಗಿದ್ದರೂ, ಪಕ್ಕದ ಮನೆಯವರ ಟೀವಿಯನ್ನು ಕಿಟಕಿಯ ಹೊರಗೆ ನಿಂತು ನೋಡಿದವನು ನಾನೇ.

ಹನಕೆರೆ ದಾಟಿತು. ಇಕ್ಕೆಲದಲ್ಲಿಯೂ ಕಬ್ಬು, ಮಧ್ಯೆ ನಾಟಿಯಾದ ಗದ್ದೆ. ಮದ್ದೂರಿನಲ್ಲಿ ಇಳಿದು, ಗೃಹಿಣಿಯ ಮಾತಿನ ಅರ್ಧವನ್ನು ನಿಜಮಾಡಿ, ಎಣ್ಣೆ ಹತ್ತಿದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಚೆಕಚೇರಿಯ ಕಡೆಗೆ ನಡೆದೆನು. ಈ ‘ಅಂಚೆ’ ಎಂಬ ಮಾತನ್ನು ಕೇಳಿದರೆ ನನಗೆ ಹೆಮ್ಮೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಸೀಮೆಯ ಅಂಚೆಯು 1889ರಲ್ಲಿ ಬ್ರಿಟಿಷರ ಇಲಾಖೆಯಲ್ಲಿ ಲೀನವಾಯಿತು. ಹೆಸರು ಮಾತ್ರ ನಮ್ಮ ನಾಲಗೆಯನ್ನು ಬಿಡಲಿಲ್ಲ.

ನಮ್ಮ ತಂದೆಯವರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. 1970ರಲ್ಲಿ ಅವರು ಬ್ಯಾಟರಿಯ ರೇಡಿಯೋ ಒಂದನ್ನು ಕೊಂಡರು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸು ಬೇಕಾಗಿತ್ತೆಂದರೆ ಇಂದಿನ ಮಕ್ಕಳು ನಗುವರು. ವರ್ಷಕ್ಕೆ 15 ರೂಪಾಯಿ. ಅದನ್ನು ಅಂಚೆಕಚೇರಿಯಲ್ಲಿಯೇ ಕಟ್ಟಬೇಕು. ಒಂದು ಸಣ್ಣ ಪುಸ್ತಕ. ಅದರಲ್ಲಿ ಗುಮಾಸ್ತರು ವರ್ಷವರ್ಷವೂ ಚೀಟಿ ಅಂಟಿಸಿ ಮುದ್ರೆ ಒತ್ತುವರು. ಮುಂದೆ ದೂರದರ್ಶನದ ಪೆಟ್ಟಿಗೆಗೆ 50 ರೂಪಾಯಿ ಆಯಿತು. 1980ರ ದಶಕದ ನಡುವೆ ಈ ಶುಲ್ಕಗಳೆಲ್ಲ ರದ್ದಾದುವು. ಪ್ರತಿ ಜನವರಿಯಲ್ಲಿ ತಂದೆಯವರು ಒಗೆದ ಪಂಚೆಯುಟ್ಟು, ನನ್ನನ್ನು ಕರೆದುಕೊಂಡು ಮದ್ದೂರಿಗೆ ಬರುವರು. ಹಣ ಕಟ್ಟಿದ ಮೇಲೆ ನನಗೆ ಒಂದು ವಡೆ. ಅವರಿಗೆ ಬರಿಯ ಕಾಫಿ.

ಹಣ ಕಟ್ಟಿದ ದಿನದಿಂದ ಅವರ ಗತ್ತೇ ಬೇರೆ. ಪ್ರಸಾರದಲ್ಲಿ ಒಂದು ಶಬ್ದದ ಉಚ್ಚಾರ ತಪ್ಪಿದರೂ ಬೆಂಗಳೂರಿನ ನಿಲಯಕ್ಕೆ ಕಾರ್ಡು ಬರೆಯುವರು. ಕೆಳಗೆ ‘ಲೈಸೆನ್ಸುದಾರ ಶ್ರೋತೃ’ ಎಂದು ರುಜು ಹಾಕಿ ಪುಸ್ತಕದ ಸಂಖ್ಯೆಯನ್ನೂ ಕಾಣಿಸುವರು. ಹದಿನೈದು ರೂಪಾಯಿ ಕೊಟ್ಟವನಿಗೆ ಕೇಳುವ ಹಕ್ಕಿನಂತೆಯೇ ಹೇಳುವ ಹಕ್ಕೂ ಉಂಟೆಂಬುದು ಅವರ ಮತ. ಪ್ರತಿ ತಿಂಗಳೂ ನೂರಾರು ರೂಪಾಯಿ ಕೊಡುವ ಇಂದಿನವರಲ್ಲಿ ಹಾಗೆ ಕಾರ್ಡು ಬರೆಯುವವರನ್ನು ನಾನು ಕಾಣೆನು.

ಬಸ್ಸು ಕೆ.ಎಂ. ದೊಡ್ಡಿಯ ಕಡೆಗೆ ತಿರುಗಿದಾಗ ಇದೇ ಯೋಚನೆ ಮುಂದುವರಿಯಿತು. ಬ್ರಿಟನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನೊಡನೆ ಈ ವಿಷಯದಲ್ಲಿ ನನಗೆ ವರ್ಷಗಳಿಂದ ಪತ್ರವಾದ ನಡೆದಿದೆ. ಅಲ್ಲಿ 1922ರಲ್ಲಿ ಹತ್ತು ಷಿಲಿಂಗಿನ ರೇಡಿಯೋ ಲೈಸೆನ್ಸಾಗಿ ಹುಟ್ಟಿದ ಶುಲ್ಕವು ದೂರದರ್ಶನಕ್ಕೆ ವರ್ಗವಾಗಿ ಬೆಳೆಯುತ್ತ, 2025ರ ಏಪ್ರಿಲಿನಲ್ಲಿ ವರ್ಷಕ್ಕೆ 174.50 ಪೌಂಡಾಯಿತು. ಬಿ.ಬಿ.ಸಿ.ಯು ಮುಖ್ಯವಾಗಿ ಬದುಕುವುದು ಅದರಿಂದಲೇ. ಪ್ರಸಾರವಾಗುತ್ತಿರುವುದನ್ನು ಆಗಲೇ ನೋಡುವವನು, ಅದು ಯಾರ ವಾಹಿನಿಯೇ ಆಗಿರಲಿ, ಶುಲ್ಕ ಕೊಡಬೇಕು. ನನ್ನ ಶಿಷ್ಯನು ತಾನು ನೋಡುವುದೇ ಇಲ್ಲವೆಂದು ತಿಳಿಸಿ ಕೊಡದೆ ಇದ್ದಾನೆ. ಆದರೂ ವಿಚಾರಣೆಯ ಕಾಗದಗಳು ಬರುತ್ತಲೇ ಇವೆಯಂತೆ. ‘ನೋಡದವನನ್ನು ಹೀಗೇಕೆ ಕಾಡಬೇಕು?’ ಎಂದು ಅವನು. ‘ಜಾಹೀರಾತಿನವನ ಮುಖ ನೋಡದೆ ಮಾತನಾಡುವ ಸಂಸ್ಥೆಯೊಂದು ದೇಶಕ್ಕೆ ಬೇಡವೆ? ಅದಕ್ಕೆ ಹಣ ಎಲ್ಲಿಂದ ಬರಬೇಕು?’ ಎಂದು ನಾನು.

ನಮ್ಮ ‘ಸುಂಕ’ವು ‘ಶುಲ್ಕ’ದ ತದ್ಭವ. ಆದರೆ ಅರ್ಥದಲ್ಲಿ ಇವೆರಡೂ ದಾಯಾದಿಗಳಂತೆ ಬೇರೆಯಾಗಿವೆ. ಕೌಟಿಲ್ಯನ ಶುಲ್ಕಾಧ್ಯಕ್ಷನು ಊರಬಾಗಿಲಲ್ಲಿ ಕುಳಿತು, ಬರುವ ಸರಕಿನ ಮೇಲೆ ಹಣ ವಸೂಲು ಮಾಡುವವನು, ಅದು ಸುಂಕ. ಜನಕನಾದರೋ ಸೀತೆಯನ್ನು ವೀರ್ಯಶುಲ್ಕೆ ಎಂದನು. ಅಲ್ಲಿ ಶುಲ್ಕವೆಂದರೆ ಯೋಗ್ಯನಾದವನು ತಾನಾಗಿ ಬಂದು ತೆರತಕ್ಕ ಬೆಲೆ. ರೇಡಿಯೋ ಲೈಸೆನ್ಸು ಎರಡನೆಯ ಬಗೆಯದೆಂದು ನಾನು ತಿಳಿದಿದ್ದೆನು. 1933ರ ನಿಸ್ತಂತು ಕಾಯಿದೆಯು ಏನು ಹೇಳುತ್ತಿತ್ತೆಂಬುದು ತಿಳಿದದ್ದು ಬಹಳ ತಡವಾಗಿ. ಅದರ ಪ್ರಕಾರ ಲೈಸೆನ್ಸು ಕೇಳುವುದಕ್ಕಲ್ಲ, ಯಂತ್ರವನ್ನು ಇಟ್ಟುಕೊಂಡಿರುವುದಕ್ಕೆ. ಆಂಗ್ಲರು ತಮ್ಮ ದೇಶದಲ್ಲಿ ಈಗ ನೋಟವನ್ನು ಲೆಕ್ಕ ಹಾಕುವರು. ನಮಗೆ ಮಾಡಿಟ್ಟುಹೋದ ಕಾನೂನು ಪೆಟ್ಟಿಗೆಯನ್ನು ಲೆಕ್ಕ ಹಾಕುತ್ತಿತ್ತು.

ಆಕಾಶವಾಣಿಯ ಹುಟ್ಟಿನಲ್ಲಿ ಇಂಥ ಲೆಕ್ಕಾಚಾರವೇನೂ ಇರಲಿಲ್ಲ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಗಳು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಮುಂದೆ ಆ ಹೆಸರೇ ದೇಶದ ಪ್ರಸಾರಕ್ಕೆಲ್ಲ ಹೆಸರಾಯಿತು. ಪುರಾಣದಲ್ಲಿ ಆಕಾಶವಾಣಿಯನ್ನು ಕೇಳಿದ ಕಂಸನಿಗೆ ಯಾರೂ ಶುಲ್ಕ ಕೇಳಲಿಲ್ಲವೆಂದು ನಾನು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆನು.

ಅಕ್ಕನು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಊಟವಾಯಿತು. ಎಲೆಯಡಿಕೆಯ ಹೊತ್ತಿಗೆ ನನ್ನ ಉಪದೇಶವನ್ನು ತೆಗೆದೆನು. ಟೀವಿ ಬಿಟ್ಟ ಮೇಲೆ ನಾನು ಓದಿದ ಗ್ರಂಥಗಳು, ಮನೆಯ ಶಾಂತಿ, ನಿದ್ರೆ, ಎಲ್ಲವನ್ನೂ ವರ್ಣಿಸಿದೆನು. ಕೊನೆಗೆ, ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಕಥೆಯನ್ನೇ ಅವಳಿಗೂ ನೆನಪಿಸಿದೆನು. ಅದು 1973ರ ಮಾತು. ಅಮ್ಮನ ಕಾಯಿಲೆಗೆ ಹಣವೆಲ್ಲ ವೆಚ್ಚವಾಗಿ, ಜನವರಿಯಲ್ಲಿ ಲೈಸೆನ್ಸು ಕಟ್ಟಲಾಗಲಿಲ್ಲ. ತಂದೆಯವರು ರೇಡಿಯೋವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಹಣ ಕಟ್ಟುವವರೆಗೆ ಅದನ್ನು ಕೇಳುವುದು ಕಳ್ಳತನವೆಂದರು. ಹಳ್ಳಿಯ ಮನೆಗೆ ಯಾವ ಇನ್ಸ್ಪೆಕ್ಟರು ಬಂದಾನು? ಆದರೂ ಬೀಗ ತೆಗೆಯಲಿಲ್ಲ.

“ಮೂವತ್ತು ವರ್ಷ ಇದನ್ನೇ ಹೇಳಿದೆಯೇನೋ?” ಎಂದಳು ಅಕ್ಕ.

“ಹೌದಕ್ಕ. ಅಪ್ಪನ ಪ್ರಾಮಾಣಿಕತೆಗೆ—”

“ನೀನು ಸಂಜೆ ಎಲ್ಲಿಗೆ ಓಡುತ್ತಿದ್ದೆ, ಜ್ಞಾಪಕವಿದೆಯೆ?”

ಜ್ಞಾಪಕವಿತ್ತು. ಪಂಚಾಯಿತಿ ಕಟ್ಟೆಗೆ. ಅಲ್ಲಿ ಊರವರಿಗೆಲ್ಲ ಸೇರಿದ ರೇಡಿಯೋ ಇತ್ತು. ತಂದೆಯವರೂ ಅಲ್ಲಿಯೇ ಕುಳಿತು ಪ್ರದೇಶ ಸಮಾಚಾರ ಕೇಳುತ್ತಿದ್ದರು.

“ನೀನೂ ಅಪ್ಪನೂ ಕಟ್ಟೆಯಲ್ಲಿ ಕೇಳಿ ಬರುತ್ತಿದ್ದಿರಿ. ನನಗೆ ಹದಿನೈದು ವರ್ಷ. ಆ ಕಟ್ಟೆಗೆ ನಾನು ಹೋಗುವ ಹಾಗಿತ್ತೇನೋ? ಅಮ್ಮ ಹಾಸಿಗೆ ಹಿಡಿದಳು ಅಂತ ನನ್ನ ಸ್ಕೂಲು ಬಿಡಿಸಿದ್ದರು. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ ಬರುತ್ತಿತ್ತು, ನಾಟಕ ಬರುತ್ತಿತ್ತು. ಇಡೀ ದಿನದಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದದ್ದು ಅದೊಂದೇ ಕಣೋ. ಏಳು ತಿಂಗಳು ಅದೂ ಇಲ್ಲ. ಅಪ್ಪ ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಅನ್ನಿಸುತ್ತಿತ್ತು ನನಗೆ.”

ನಾನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದೆನು. ತಂದೆಯವರ ಆ ವ್ರತವು ಕಾನೂನಿನ ದೃಷ್ಟಿಯಲ್ಲಿಯೂ ನಿಷ್ಫಲವೆಂಬುದು ಆಗ ಹೊಳೆಯಿತು. ಬೀಗ ಹಾಕಿಟ್ಟರೂ ಪೆಟ್ಟಿಗೆ ಮನೆಯಲ್ಲೇ ಇತ್ತಷ್ಟೆ. ಅಪರಾಧ ಹಾಗೆಯೇ ಉಳಿದಿತ್ತು. ದಂಡವನ್ನು ಮಾತ್ರ ಅಕ್ಕನು ತೆತ್ತಳು. ಇದನ್ನು ಅವಳಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

“ಹಾಗಾದರೆ ಮಗ ಕಟ್ಟುತ್ತೇನೆಂದರೆ ಬೇಡವೆನ್ನುವುದೇಕೆ?” ಎಂದೆನು.

“ಅವನು ಒಳ್ಳೆಯವನೇ. ಅವನು ಮರೆತ, ಇಲ್ಲಿ ನಿಂತುಹೋಯಿತು. ಇನ್ನೊಬ್ಬರು ಮರೆತರೆ ನಿಂತುಹೋಗುವಂಥದ್ದು ನನಗೆ ಬೇಡ. ನಿನಗೆ ಬೇಡವಾಯಿತು, ಬಿಟ್ಟೆ. ನನ್ನನ್ನು ಆಗ ಯಾರು ಕೇಳಿದರು?”

ಮಾರನೆಯ ದಿನ ಮಳವಳ್ಳಿಗೆ ಹೋದೆನು. ಪೇಟೆಯ ಒಂದು ಅಂಗಡಿಯಲ್ಲಿ ವಿಚಾರಿಸಲು, ದೂರದರ್ಶನದವರದೇ ಆದ ‘ಫ್ರೀ ಡಿಷ್’ ಎಂಬ ಏರ್ಪಾಡನ್ನು ತಿಳಿಸಿದರು. 2004ರಲ್ಲಿ ಬೇರೆ ಹೆಸರಿನಿಂದ ಆರಂಭವಾದದ್ದಂತೆ. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಸರಿ, ತಿಂಗಳ ಬಾಡಿಗೆಯಿಲ್ಲ. ಶುಲ್ಕವನ್ನು ಎತ್ತಿಹಿಡಿದು ವಾದಿಸುತ್ತಿದ್ದ ನಾನೇ ಶುಲ್ಕವಿಲ್ಲದ ಸರಕನ್ನು ಬಗಲಲ್ಲಿ ಹಿಡಿದು ಬಸ್ಸು ಹತ್ತಿದೆನು. ಹಣ ಕೊಡುತ್ತೇನೆಂದು ಅಕ್ಕ ಹಟ ಮಾಡಿದಳು, ಅರ್ಧ ತೆಗೆದುಕೊಂಡೆನು.

ಜೋಡಿಸಲು ಬಂದ ಹುಡುಗನು, “ಮೇಷ್ಟ್ರೇ, ಕಂಬ ಅಲುಗಾಡದ ಹಾಗೆ ಹಿಡಕೊಳ್ಳಿ” ಎಂದು ನನ್ನನ್ನು ತಾರಸಿಯ ಮೇಲೆ ನಿಲ್ಲಿಸಿದನು. ಅಲ್ಲಿಂದ ಹೊಲಗಳ ಮೇಲೆ ಹಾದುಹೋಗುವ ದೊಡ್ಡ ವಿದ್ಯುತ್ ತಂತಿಗಳು ಕಾಣುತ್ತಿದ್ದುವು. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರ ಜೂನ್ 30ರಂದು ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ತಂತಿಯ ಕೆಳಗಿನ ಹಳ್ಳಿಗಳು ದೀಪಕ್ಕಾಗಿ ದಶಕಗಳು ಕಾದುವು. ಅಕ್ಕನು ಮದುವೆಯಾಗಿ ಈ ಮನೆಗೆ ಬಂದಾಗಲೂ ಸೀಮೆಎಣ್ಣೆಯ ಬುಡ್ಡಿಯೇ ಇದ್ದಿತೆಂದು ಅವಳೇ ಹೇಳಿದ್ದಳು. ನಾನು ಕಂಬವನ್ನು ಬಿಗಿಯಾಗಿ ಹಿಡಿದುಕೊಂಡೆನು. ಹುಡುಗನು ತಟ್ಟೆಯನ್ನು ಕೂದಲೆಳೆಯಷ್ಟು ಆಚೆ, ಈಚೆ ತಿರುಗಿಸಿದನು. ಕೆಳಗಿನಿಂದ “ಬಂತು, ಬಂತು!” ಎಂದು ಕೂಗು ಕೇಳಿಸಿತು.

ರಾತ್ರಿ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’. 2002ರಿಂದ ಡಾ. ನಾ. ಸೋಮೇಶ್ವರರು ನಡೆಸಿಕೊಂಡು ಬಂದ ಪ್ರಶ್ನೋತ್ತರ. ಸರಿಯುತ್ತರ ಕೊಟ್ಟವರಿಗೆ ಪುಸ್ತಕಗಳೇ ಬಹುಮಾನ. ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟ ಅಕ್ಕನು, ಸ್ಪರ್ಧಿಗಳಿಗಿಂತ ಮೊದಲೇ ಒಂದೊಂದಕ್ಕೆ ಉತ್ತರ ಹೇಳುತ್ತಿದ್ದಳು. ಒಂದು ಸಮಾಸದ ಪ್ರಶ್ನೆಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೇಳಿ ಮುಗಿಸಿದ್ದಳು.

ಹೊರಡುವ ದಿನ ಬೀರುವಿನಿಂದ ಒಂದು ಸಣ್ಣ ಗಂಟನ್ನು ಬಿಚ್ಚಿ, ತಂದೆಯವರ ಲೈಸೆನ್ಸು ಪುಸ್ತಕವನ್ನು ನನ್ನ ಕೈಯಲ್ಲಿಟ್ಟಳು. ಅದು ಅವಳ ಹತ್ತಿರವಿತ್ತೆಂದೇ ನನಗೆ ತಿಳಿಯದು. ಮದ್ದೂರಿನಲ್ಲಿ ರೈಲಿಗೆ ಇನ್ನೂ ಅರ್ಧ ಗಂಟೆ ಇತ್ತು. ಕಲ್ಲುಬೆಂಚಿನ ಮೇಲೆ ಕುಳಿತು ಪುಟಗಳನ್ನು ತಿರುವಿದೆನು. ಎಲ್ಲ ವರ್ಷಗಳಲ್ಲಿಯೂ ಜನವರಿಯ ಮುದ್ರೆ. 1973ರದು ಮಾತ್ರ ಆಗಸ್ಟಿನದು. ವಡೆ ಮಾರುವವನು ಎದುರಿಗೆ ಬಂದು ನಿಂತನು. ಪುಸ್ತಕಕ್ಕೆ ಎಣ್ಣೆ ತಾಗೀತೆಂದು, ಅದನ್ನು ಮೊದಲು ಚೀಲದೊಳಗಿಟ್ಟು, ಆಮೇಲೆ ನಾಲ್ಕು ವಡೆ ಕಟ್ಟಿಸಿಕೊಂಡೆನು.