ಎಷ್ಟು ಸ್ಪೀಡ್ ಹೊಡಿತೈತಿ?

ನಮ್ಮ ಬೈಲಹೊಂಗಲ ಕಡೆ ಓಟದ ಪಂದ್ಯ ಯಾರಿಗೂ ಹೊಸದಲ್ಲ. ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಗೆದ್ದರೆ ಹಿಂಗಾರಿ ಬೆಳೆ ಚಲೋ, ಕೆಂದ ಎತ್ತು ಗೆದ್ದರೆ ಮುಂಗಾರಿ ಚಲೋ ಅನ್ನೋ ಲೆಕ್ಕ. ಜಾತ್ರೆಗಳಲ್ಲಿ ಚಕ್ಕಡಿ ಓಟ ಇದ್ದೇ ಇರುತ್ತದೆ. ಆದರೆ ಎಂಜಿನಿಯರಿಂಗ್ ಓದೋ ಹುಡುಗಿಯೊಬ್ಬಳು ಕೈತುಂಬ ಗ್ರೀಸ್ ಮೆತ್ತಿಕೊಂಡು "ರೇಸ್ ಗಾಡಿ ಕಟ್ಟಾಕತ್ತೀವಿ" ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಸ್ಪೀಡ್ ಹೊಡಿತೈತಿ?"

"ಭಾಳ ಅಂದ್ರ ಐವತ್ತು, ಅರವತ್ತು" ಅಂದರೆ ಮುಖ ಸಪ್ಪೆ ಮಾಡುತ್ತಿದ್ದರು. "ನಮ್ಮ ಬೈಕ ಇದಕ್ಕಿಂತ ಜೋರ್ ಹೋಗತೈತಲ್ಲ!"

ಹೌದು, ಹೋಗುತ್ತದೆ. ನಮ್ಮದು ಬಾಹಾ ಗಾಡಿ. ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ಕಟ್ಟಿ, ಕಲ್ಲು-ದಿಣ್ಣೆಯ ಹಾದಿಯಲ್ಲಿ ಓಡಿಸುವ ಒಂದೇ ಸೀಟಿನ ಗಾಡಿ. ಈ ಸ್ಪರ್ಧೆ 1976ರಲ್ಲಿ ಅಮೆರಿಕದ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಭಾರತಕ್ಕೆ 2007ರಲ್ಲಿ ಬಂತು. ನಾವು ಹೋಗಬೇಕಿದ್ದದ್ದು ಇಂದೋರ್ ಹತ್ತಿರದ ಪೀತಂಪುರಕ್ಕೆ. ನಮ್ಮ ಕಾಲಕ್ಕೆ ಎಲ್ಲ ತಂಡಗಳಿಗೂ ಒಂದೇ ಎಂಜಿನ್: ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ 305 ಸಿಸಿ, 10 ಅಶ್ವಶಕ್ತಿ. ಅದನ್ನು ಬಿಚ್ಚಿ ಶಕ್ತಿ ಹೆಚ್ಚಿಸೋ ಹಾಗಿಲ್ಲ. ಕೊನೆಯ ದಿನ ಸತತ ನಾಲ್ಕು ಗಂಟೆ ಓಡಬೇಕು. ಅಂದರೆ ಜೋರಾಗಿ ಓಡೋ ಗಾಡಿಗಿಂತ ಮುರಿಯದೇ ಓಡೋ ಗಾಡಿಗೆ ಬೆಲೆ.

ನಮ್ಮ ತಂಡದಲ್ಲಿ ಕ್ಯಾಪ್ಟನ್ ಕಿತ್ತೂರಿನವನು, ಗಾಡಿ ಓಡಿಸುವವನು ರಾಮದುರ್ಗದವನು, ಬ್ರೇಕ್ ನನ್ನ ಪಾಲಿಗೆ. ಓಡಿಸಿ ನೋಡಲು ಜಾಗ ಬೇಕಲ್ಲ? ಎರಿ ಹೊಲದಲ್ಲೆಲ್ಲ ಜೋಳ, ಕಡಲೆ ಬಿತ್ತಿದ್ದರು. ಕಡೆಗೆ ಸವದತ್ತಿಯ ಗೆಳೆಯನ ಮನೆಯವರು ತಮ್ಮ ಮಡ್ಡಿ ಬಿಟ್ಟುಕೊಟ್ಟರು. ಬರೀ ಕಲ್ಲು, ಜಾಲಿಕಂಟಿ. ನಮಗೆ ಅದೇ ಬೇಕಿತ್ತು.

ತಯಾರಿ ಅಂದರೆ ಏನು ಅಂತ ಹೇಳಿದರೆ ನಿಮಗೆ ಬೇಸರ ಆಗಬಹುದು, ಯಾಕೆಂದರೆ ಅದು ಮಾಡಿದ್ದನ್ನೇ ಮಾಡೋ ಕೆಲಸ. ಬ್ರೇಕ್‌ಗೆ ಎರಡು ಬೇರೆ ಬೇರೆ ಆಯಿಲ್ ಲೈನ್ ಇರಬೇಕು. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯಬೇಕು. ಬ್ರೇಕ್ ಪರೀಕ್ಷೆಯಲ್ಲಿ ನಾಲ್ಕೂ ಗಾಲಿ ಒಮ್ಮೆಲೇ ಲಾಕ್ ಆಗದಿದ್ದರೆ ರೇಸ್‌ಗೆ ಬಿಡುವುದಿಲ್ಲ. ಲೈನಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಪೆಡಲ್ ಮೆತ್ತಗಾಗುತ್ತದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿ ಹತ್ತಿರ ಕೂತು ನಿಪ್ಪಲ್ ಸಡಿಲಿಸಿ ಗುಳ್ಳೆ ಬಿಟ್ಟು ಬಿಗಿ ಮಾಡಬೇಕು. "ಒತ್ತು... ಹಿಡಿ... ಬಿಡು." ನಿದ್ದೆಯಲ್ಲೂ ನಾನು ಇದನ್ನೇ ಅಂತಿದ್ದೆ ಅಂತ ನಮ್ಮವ್ವ ಈಗಲೂ ನಗುತ್ತಾಳೆ.

ಚಾಲಕನ ಸುತ್ತ ಉಕ್ಕಿನ ಪೈಪಿನ ಪಂಜರ. ಪೈಪಿನ ಗಾತ್ರ ಎಷ್ಟು, ದಪ್ಪ ಎಷ್ಟು, ಉಕ್ಕಿನಲ್ಲಿ ಕಾರ್ಬನ್ ಎಷ್ಟಿರಬೇಕು ಎಲ್ಲಕ್ಕೂ ನಿಯಮ ಇದೆ. ಹೆಲ್ಮೆಟ್ಟಿಗೂ ಪೈಪಿಗೂ ನಡುವೆ ಕನಿಷ್ಠ 6 ಇಂಚು ಜಾಗ ಬೇಕು. ಬೆಲ್ಟ್ ಕಟ್ಟಿಕೊಂಡು ಕೂತ ಚಾಲಕ 5 ಸೆಕೆಂಡಿನಲ್ಲಿ ಹೊರಗೆ ಬರಬೇಕು.

ಅದರ ಬೆಲೆ ನನಗೆ ಗೊತ್ತಾದದ್ದು ಆ ರಾಮದುರ್ಗದ ಹುಡುಗನ ಅವ್ವ ಬಂದ ದಿನ. ಎಲ್ಲಮ್ಮನ ಗುಡ್ಡಕ್ಕೆ ಬಂದವರು ಹಾಗೇ ಮಡ್ಡಿಗೂ ಬಂದರು, ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅವರು ಸ್ಪೀಡ್ ಕೇಳಲಿಲ್ಲ. ಗಾಡಿ ಸುತ್ತ ಒಂದು ಸುತ್ತು ಹಾಕಿ ನನ್ನನ್ನು ಕರೆದರು. "ಯವ್ವಾ, ಇದು ಪಲ್ಟಿ ಆದ್ರ ನನ್ನ ಮಗ ಹೊರಗ ಹೆಂಗ ಬರತಾನ?"

ನಾನು ಅವನನ್ನು ಬೆಲ್ಟ್ ಹಾಕಿ ಕೂರಿಸಿ ಮೊಬೈಲಿನಲ್ಲಿ ಟೈಮ್ ಹಚ್ಚಿದೆ. ನಾಲ್ಕು ಸೆಕೆಂಡಿಗೆ ಹೊರಗೆ ಬಂದ.

"ಇನ್ನೊಮ್ಮೆ ಮಾಡಂತ ಹೇಳು" ಅಂದರು. ಮೂರು ಸಲ ಮಾಡಿಸಿದರು. ಆಮೇಲೇ ಬುತ್ತಿ ಬಿಚ್ಚಿದ್ದು.

ಲಾರಿ ಹೊರಡಲು ಒಂಬತ್ತು ದಿನ ಉಳಿದಿತ್ತು. ಮಡ್ಡಿಯಲ್ಲಿ ಓಡಿಸಿ ಬಂದ ಮೇಲೆ ಗಾಡಿ ತೊಳೆಯುವಾಗ ಮುಂದಿನ ಎಡಗಾಲಿಯ ಆರ್ಮ್ ಪಂಜರಕ್ಕೆ ಸೇರುವ ಕಡೆ, ಬಣ್ಣದ ಮೇಲೆ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ಬಣ್ಣ ಸೀಳಿದೆಯೋ, ಕಬ್ಬಿಣವೇ ಸೀಳಿದೆಯೋ? ಅರ್ಧ ತಂಡ "ಬಣ್ಣ ಅಷ್ಟೇ" ಅಂದಿತು. ಕ್ಯಾಪ್ಟನ್ "ಮ್ಯಾಲ ಒಂದು ಪಟ್ಟಿ ಬೆಸುಗೆ ಹಾಕೋಣ, ಟೈಮ್ ಇಲ್ಲ" ಅಂದ. ಅವನದೂ ತಪ್ಪಲ್ಲ, ತೂಕ ಇಳಿಸೋ ಕೆಲಸ ಇನ್ನೂ ಬಾಕಿ ಇತ್ತು. ಓಡಿಸುವವನು ಮಾತ್ರ ಏನೂ ಅನ್ನಲಿಲ್ಲ. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಗಾಡಿಯನ್ನು ಟ್ರಾಲಿಗೆ ಏರಿಸಿ ಬೈಲಹೊಂಗಲಕ್ಕೆ ತಂದೆವು, ಟ್ರ್ಯಾಕ್ಟರ್ ಟ್ರಾಲಿ ಮಾಡೋ ಕಾಕಾನ ಶೆಡ್ಡಿಗೆ. ಅವರು ಏನೂ ವಾದ ಮಾಡಲಿಲ್ಲ. ಬಣ್ಣ ಕೆರೆದರು. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು, ಬಟ್ಟೆಯಿಂದ ಒಣಗುವ ಹಾಗೆ ಒರೆಸಿದರು. ಆಮೇಲೆ ಸೀಮೆಸುಣ್ಣ ಪುಡಿ ಮಾಡಿ ಹಚ್ಚಿದರು. ಎರಡು ನಿಮಿಷದಲ್ಲಿ ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಎದ್ದಿತು. ಬಿರುಕಿನೊಳಗೆ ಇಳಿದಿದ್ದ ಎಣ್ಣೆಯನ್ನು ಸುಣ್ಣ ಹೊರಗೆ ಎಳೆದಿತ್ತು. ಪಠ್ಯದಲ್ಲಿ ಕೆಂಪು ಬಣ್ಣ, ಬಿಳಿ ಸ್ಪ್ರೇ ಬಳಸಿ ಬಿರುಕು ಹುಡುಕೋ ಪರೀಕ್ಷೆ ಓದಿ ನಾವು ಅಂಕ ತಗೊಂಡಿದ್ದೆವು. ಇಲ್ಲಿ ಅದೇ ಪರೀಕ್ಷೆ ಹತ್ತು ರೂಪಾಯಿಯಲ್ಲಿ ಮುಗಿಯಿತು.

"ಪಟ್ಟಿ ಹಾಕಿದ್ರ ಬಿರುಕು ಮುಚ್ಚತೈತಿ ತಂಗಿ, ಹೋಗೂದಿಲ್ಲ" ಅಂದರು ಕಾಕಾ. "ಟ್ರಾಲಿ ಕೊಂಡಿಗಿ ಹಂಗ ಮಾಡಿ ಕಳಿಸಿದ್ರ ಕಬ್ಬಿನ ಲೋಡ್ ದಾರ್ಯಾಗ ಬೀಳತೈತಿ. ನಿಮ್ಮದ್ರಾಗ ಮನಷಾ ಕುಂದರತಾನ."

ಕ್ಯಾಪ್ಟನ್ನೇ ಮೊದಲು ಗ್ರೈಂಡರ್ ಕೈಗೆತ್ತಿಕೊಂಡ. ಆ ಭಾಗ ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ, ಅಂಚು ಇಳಿಜಾರು ಮಾಡಿ, ಬೆಸುಗೆ ಬುಡದಿಂದ ತುಂಬಿಸಿದೆವು. ಬಲಗಾಲಿಗೂ ಅದೇ ಕೆಲಸ. ನಾಲ್ಕು ದಿನ ಹೋಯಿತು. ತೂಕ ಇಳಿಸೋ ಕೆಲಸ ಉಳಿದೇ ಹೋಯಿತು.

ಪೀತಂಪುರದಲ್ಲಿ ನಾಲ್ಕೂ ಗಾಲಿ ಲಾಕ್ ಆದವು. ನಾಲ್ಕು ಗಂಟೆಯ ಓಟದಲ್ಲಿ ಮೂರನೇ ಗಂಟೆಗೆ ಗೇರಿನ ಕಡೆಯ ಬೆಲ್ಟ್ ಸುಟ್ಟು ಗಾಡಿ ನಿಂತಿತು. ಬದಲಾಯಿಸಿ ಮತ್ತೆ ಬಿಡುವಷ್ಟರಲ್ಲಿ ಎಷ್ಟೋ ಸುತ್ತು ಹೋಗಿದ್ದವು. ಹೊಸ ಬೆಸುಗೆ ಮಾತ್ರ ಅಲುಗಲಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರು ನಡುವೆಲ್ಲೋ ಇತ್ತು. ಸಂಜೆ ಅವನ ಅವ್ವ ಫೋನ್ ಮಾಡಿದಾಗ ಸ್ಪೀಕರಿನಲ್ಲಿ ಕೇಳಿದ್ದು ಇಷ್ಟೇ: "ಹೊರಗ ಬಂದ್ಯಾ? ಊಟ ಆತಾ?"

ಈಗ ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ. ಆಫೀಸಿನಲ್ಲೂ "ಟೈಮ್ ಇಲ್ಲ, ಸದ್ಯಕ್ಕ ಮ್ಯಾಲ ಒಂದು ಪಟ್ಟಿ" ಅನ್ನೋ ಮಾತು ವಾರಕ್ಕೊಮ್ಮೆ ಬರುತ್ತದೆ. ಆಗ ನಾನು ಕೇಳೋದು ಒಂದೇ: ಇದರೊಳಗೆ ಕೂರುವವರು ಯಾರು? ಕೆಲವೊಮ್ಮೆ ಯಾರೂ ಇರುವುದಿಲ್ಲ, ಪಟ್ಟಿಯೇ ಸಾಕು. ಇದ್ದರೆ ನಾಲ್ಕು ದಿನ ಕೇಳುತ್ತೇನೆ.

ಹೋದ ಸಲ ಕಾಲೇಜಿಗೆ ಹೋದಾಗ ಈಗಿನ ತಂಡದ ಟೂಲ್ ಬಾಕ್ಸ್ ತೆರೆದು ನೋಡಿದೆ. ಸ್ಪಾನರ್‌ಗಳ ನಡುವೆ ಒಂದು ಸಣ್ಣ ಬಾಟಲಿ ಸೀಮೆಎಣ್ಣೆ, ಒಂದು ಡಬ್ಬಿ ಸೀಮೆಸುಣ್ಣ ಇತ್ತು. ಯಾಕೆ ಅಂತ ಒಬ್ಬ ಹುಡುಗ ನನಗೇ ವಿವರಿಸಿ ಹೇಳಿದ. ನಾನು ಸುಮ್ಮನೆ ಕೇಳಿಸಿಕೊಂಡೆ.